ತೊಟ್ಟಿ ಖಾಲಿಯಾಯ್ತು, ಮಣ್ಣು ಉಳೀತು

ಹೋದ ಸಲ ಈ ಅಂಕಣದಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ನನ್ನ ಮನಿ ಪ್ಲಾಂಟ್ ತುಂಡುಗಳಿಗೆ ಅಕ್ವೇರಿಯಂ ಮಣ್ಣಲ್ಲಿ ಬೇರು ಬರಿಸ್ತಿದ್ದೇನೆ ಅಂತ. ಮೀನಿನ ತೊಟ್ಟಿಯ ತಳಕ್ಕೆ, ನೀರೊಳಗಿನ ಗಿಡಗಳಿಗಾಗಿ ಹಾಕೋ ಕಾಳುಕಾಳಾದ ಮಣ್ಣು ಅದು, ಅಂಗಡಿಯಲ್ಲಿ ‘ಅಕ್ವಾ ಸಾಯಿಲ್’ ಅಂತಾರೆ. ಅಷ್ಟಕ್ಕೇ ಇಷ್ಟು ಪತ್ರಗಳು! ಈ ಸಲ ಪೂರ್ತಿ ಅದೇ ವಿಷಯ. ಗುಲಾಬಿಗೆ ಹುಳ ಬಿದ್ದಿದೆ ಎಂದು ಬರೆದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ಮೂರು ವರ್ಷ ಇಟ್ಟಿದ್ದ ಅಕ್ವೇರಿಯಂ ಎತ್ತಿಬಿಟ್ಟೆ. ಒಂದು ಬಕೆಟ್ ತುಂಬ ಕಪ್ಪು ಅಕ್ವಾ ಸಾಯಿಲ್ ಉಳಿದಿದೆ. ಬಿಸಾಡೋಕೆ ಮನಸ್ಸಿಲ್ಲ. ಮನೆಯೊಳಗಿನ ಗಿಡಗಳಿಗೆ ಹಾಕಬಹುದಾ ಮೇಡಂ? ಮೀನಿನ ಗಲೀಜೆಲ್ಲ ಅದರಲ್ಲೇ ಇದೆ, ಒಳ್ಳೆ ಗೊಬ್ಬರ ಅಲ್ವಾ?

ಮೊದಲು ಒಂದು ಕಾಳು ಕೈಗೆತ್ತಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಇಟ್ಟು ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಹೊಸದೂ ಪುಡಿಯಾಗುತ್ತದೆ, ಅದಕ್ಕೇ ಮೆಲ್ಲಗೆ ಅಂದೆ. ಆಕಾರ ಬಿಡದೆ ನಿಂತರೆ ಸರಿ. ಮುಟ್ಟಿದ ಕೂಡಲೇ ಕಾಡಿಗೆಯ ಹಾಗೆ ಬೆರಳಿಗೆ ಮೆತ್ತಿಕೊಂಡರೆ ಅದರ ಆಯಸ್ಸು ಮುಗಿದಿದೆ. ಬಕೆಟ್ಟಿನ ಮೇಲಿನಿಂದ, ನಡುವಿನಿಂದ, ತಳದಿಂದ ಒಂದಷ್ಟು ಕಾಳು ಹೀಗೆ ನೋಡಿ. ಅರ್ಧಕ್ಕಿಂತ ಜಾಸ್ತಿ ಮೆತ್ತಗಾಗಿದ್ದರೆ ಕುಂಡದ ಆಸೆ ಬಿಟ್ಟುಬಿಡಿ.

ಇದನ್ನೇ ಯಾಕೆ ಮೊದಲು ಹೇಳಿದೆ ಅಂದರೆ, ಈ ಮಣ್ಣಿನಿಂದ ಮನೆಗಿಡಕ್ಕೆ ಸಿಗೋ ಲಾಭ ಗೊಬ್ಬರದ್ದಲ್ಲ, ಕಾಳಿನದ್ದು. ಅಕ್ವಾ ಸಾಯಿಲ್ ಅಂದರೆ ಹೆಚ್ಚಾಗಿ ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು. ಅದನ್ನು ಉಂಡೆ ಉಂಡೆ ಮಾಡಿ, ಬಿಸಿಯಲ್ಲಿ ಗಟ್ಟಿ ಮಾಡಿರುತ್ತಾರೆ. ತಕಾಶಿ ಅಮಾನೊ ಅನ್ನೋ ಜಪಾನಿ ಫೋಟೋಗ್ರಾಫರ್ 1982ರಲ್ಲಿ ಶುರು ಮಾಡಿದ ಎ.ಡಿ.ಎ. ಕಂಪನಿಯ ‘ಅಮೆಜೋನಿಯಾ’ ಇವುಗಳಲ್ಲಿ ಹೆಸರುವಾಸಿ. ‘ಫ್ಲುವಲ್ ಸ್ಟ್ರೇಟಂ’ ಕೂಡ ಜಪಾನಿನದ್ದೇ, ಆಸೊ ಜ್ವಾಲಾಮುಖಿ ಸೀಮೆಯ ಮಣ್ಣು. ಒಂದೊಂದು ಕಾಳೂ ತನ್ನೊಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕಾಳು ಕಾಳಿನ ನಡುವೆ ಗಾಳಿಗೆ ಜಾಗ ಇರುತ್ತದೆ. ಬೇರಿಗೆ ಬೇಕಾದ್ದು ಇವೆರಡೂ ಒಟ್ಟಿಗೆ. ನೀರಿನ ಮೂಲಕ ಆಕ್ಸಿಜನ್ ಸಾಗುವ ವೇಗ ಗಾಳಿಯಲ್ಲಿ ಸಾಗುವುದರ ಸುಮಾರು ಹತ್ತು ಸಾವಿರದ ಒಂದು ಪಾಲು ಮಾತ್ರ. ಕಾಳು ಕರಗಿ ಸಂದುಗಳೆಲ್ಲ ಮುಚ್ಚಿಕೊಂಡರೆ ಬೇರಿಗೆ ಉಸಿರೇ ಇಲ್ಲ.

ಇನ್ನು ನಿಮ್ಮ ‘ಒಳ್ಳೆ ಗೊಬ್ಬರ’. ಮೀನಿನ ಗಲೀಜು ಸ್ವಲ್ಪ ಇದೆ, ಸುಳ್ಳಲ್ಲ. ಆದರೆ ಮೂರು ವರ್ಷ ನೀರೊಳಗಿನ ಗಿಡಗಳು ಅದನ್ನು ಹೀರಿಕೊಂಡೇ ಬಂದಿವೆ. ಪ್ಯಾಕೆಟ್ಟಿನಿಂದ ಬರುವಾಗ ಮಣ್ಣಲ್ಲಿದ್ದ ಸಾರವೂ ಖರ್ಚಾಗಿದೆ. ಉಳಿದಿರೋದು ಒಂದು ಒಳ್ಳೆ ಗುಣ: ಗೊಬ್ಬರ ಕೊಟ್ಟರೆ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಕೊಡೋದು ನೀವೇ.

ಈಗ ಕೆಲಸದ ಮಾತು. ಬಕೆಟ್ಟಿಗೆ ಮುಚ್ಚಳ ಹಾಕಿ ಇಡಬೇಡಿ. ನಾನು ಹಾಗೆ ಮಾಡಿ, ಒಂದು ತಿಂಗಳು ಬಿಟ್ಟು ತೆಗೆದಾಗ ಕೊಳೆತ ಮೊಟ್ಟೆಯ ನಾತ ಮನೆಯೆಲ್ಲ ತುಂಬಿತ್ತು. ಗಾಳಿಯಿಲ್ಲದ ಒದ್ದೆ ಮಣ್ಣಲ್ಲಿ ಗಂಧಕದ ಆ ವಾಸನೆ ಹುಟ್ಟೋದು ಸಹಜ. ಹಳೇ ಪೇಪರ್ ಮೇಲೆ ತೆಳ್ಳಗೆ ಹರಡಿದೆ, ಎರಡು ದಿನದಲ್ಲಿ ವಾಸನೆ ಹೋಯಿತು. ನೀವೂ ಹಾಗೇ ಹರಡಿ ಪೂರ್ತಿ ಒಣಗಿಸಿ. ಬಸವನಹುಳುಗಳೂ ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಆಮೇಲೆ ಜರಡಿ ಹಿಡಿಯಿರಿ. ದೂಳು ಏಳುತ್ತದೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಮೇಲೆ ಉಳಿದ ಕಾಳು ಕುಂಡಕ್ಕೆ, ಕೆಳಗೆ ಬಿದ್ದ ಪುಡಿ ಹೊರಗಿನ ಹೂಗಿಡಗಳ ಬುಡಕ್ಕೆ.

ತೊಳೆಯೋಕೆ ಮಾತ್ರ ಹೋಗಬೇಡಿ. ಮೊದಲ ಸಲ ನಾನು ನಲ್ಲಿ ಕೆಳಗೆ ಹಿಡಿದು, ನೀರು ತಿಳಿಯಾಗೋವರೆಗೆ ತೊಳೀತೀನಿ ಅಂತ ಹಟ ಹಿಡಿದು ಕೂತೆ. ನೀರು ತಿಳಿಯಾಗಲೇ ಇಲ್ಲ. ಮಣ್ಣೇ ಖಾಲಿಯಾಗುತ್ತಾ ಬಂತು.

ಇನ್ನೊಂದು ವಿಷಯ. ಆ ತೊಟ್ಟಿಗೆ ಮೀನಿನ ರೋಗಕ್ಕೋ ಬಸವನಹುಳು ಸಾಯಿಸೋಕೋ ತಾಮ್ರ ಇರೋ ಔಷಧಿ ಪದೇ ಪದೇ ಹಾಕಿದ್ದೀರಾ? ಹಾಗಿದ್ದರೆ ಈ ಮಣ್ಣು ಬೇಡ. ತಾಮ್ರ ಇಂಥ ಮಣ್ಣಿಗೆ ಅಂಟಿ ಕೂರುತ್ತದೆ, ಜಾಸ್ತಿಯಾದರೆ ಬೇರು ಸುಡುತ್ತದೆ.

ಪ್ರಶ್ನೆ: ಹೊಸ ಪ್ಯಾಕೆಟ್ ಅಕ್ವಾ ಸಾಯಿಲ್ ತಂದು, ಕೆಸುವಿನ ಬಳಗದ ಅಲಂಕಾರದ ಗಿಡ ಅಲೋಕೇಶಿಯಾದ ಐದು ಮರಿಗೆಡ್ಡೆ ನೆಟ್ಟೆ. ಮೂರು ಕೊಳೆತು ಹೋದವು. ಎಲ್ಲರೂ ಈ ಮಣ್ಣಲ್ಲಿ ಚೆನ್ನಾಗಿ ಬರುತ್ತೆ ಅಂತಾರೆ. ನಾನೇನು ತಪ್ಪು ಮಾಡಿದೆ?

ಎರಡು ಉಳಿದಿವೆ ಅಲ್ವಾ, ಅಷ್ಟಕ್ಕೆ ಸಂತೋಷ ಪಡಿ. ನನ್ನ ಮೊದಲ ನಾಲ್ಕರಲ್ಲಿ ಒಂದೂ ಉಳಿಯಲಿಲ್ಲ. ಎಷ್ಟು ನೀರು ಹಾಕಿದ್ದೀರಿ ಅಂತ ನೀವು ಬರೆದಿಲ್ಲ. ನಾನಂತೂ ಅತಿಯಾಗಿ ಹಾಕಿದ್ದೆ, ನೀವೂ ಅದನ್ನೇ ಮಾಡಿರಬೇಕು ಅಂತ ನನ್ನ ಅನುಮಾನ.

ಈಗ ನಾನು ಮಾಡೋದು ಹೀಗೆ. ಪಾರದರ್ಶಕ ಪ್ಲಾಸ್ಟಿಕ್ ಲೋಟ, ತಳದಲ್ಲಿ ತೂತಿಲ್ಲ. ಪಕ್ಕದಲ್ಲಿ, ತಳದಿಂದ ಒಂದು ಸೆಂಟಿಮೀಟರ್ ಎತ್ತರಕ್ಕೆ ಕಾಯಿಸಿದ ಸೂಜಿಯಿಂದ ಎರಡು ತೂತು. ಅದಕ್ಕಿಂತ ಮೇಲೆ ನೀರು ನಿಲ್ಲೋದೇ ಇಲ್ಲ, ಕೈ ತಪ್ಪಿ ಹೆಚ್ಚು ಸುರಿದರೂ ಹರಿದು ಹೋಗುತ್ತದೆ. ಮೇಲೆ ಆರೇಳು ಸೆಂಟಿಮೀಟರ್ ಮಣ್ಣು. ಪುಡಿ ಥರದ್ದು ಬೇಡ, ದಪ್ಪ ಕಾಳಿನದ್ದೇ ಇರಲಿ. ಕಾಳು ಸಣ್ಣದಾದಷ್ಟೂ ನೀರು ಮೇಲೆ ಮೇಲೆ ಏರಿ ನಿಲ್ಲುತ್ತದೆ, ಗೆಡ್ಡೆ ಇರೋ ಜಾಗವೂ ಜೌಗಾಗುತ್ತದೆ.

ಗೆಡ್ಡೆಯ ಮೇಲಿನ ಕಂದು ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ತೆಗೀತೇನೆ. ಅರ್ಧ ಗಂಟೆ ನೀರಲ್ಲಿಟ್ಟರೆ ಸಲೀಸಾಗಿ ಬರುತ್ತದೆ. ಒಳಗೆ ಕೆನೆ ಬಣ್ಣ, ಗಟ್ಟಿ ಇದ್ದರೆ ಜೀವ ಇದೆ. ಮೆತ್ತಗಿದ್ದರೆ ಆಗಲೇ ಹೋಗಿದೆ, ಅದರ ತಪ್ಪನ್ನು ಮಣ್ಣಿನ ಮೇಲೆ ಹೊರಿಸಬೇಡಿ. ಚೂಪು ತುದಿ ಮೇಲಕ್ಕಿರಲಿ. ಪೂರ್ತಿ ಹೂಳಬೇಡಿ. ಅರ್ಧ ಹೊರಗೆ, ಅರ್ಧ ಒಳಗೆ. ತೇವ ಆರದ ಹಾಗೆ ಎಲ್ಲವನ್ನೂ ಒಂದು ಮುಚ್ಚಳದ ಡಬ್ಬಿಯಲ್ಲಿಟ್ಟು, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಬೆಚ್ಚಗಿರೋ ಜಾಗ, ನೇರ ಬಿಸಿಲು ಬೇಡ.

ಆಮೇಲೆ ಕಾಯೋದು. ಕೆಲವು ಎರಡು ವಾರಕ್ಕೇ ಬೇರು ಬಿಡುತ್ತವೆ, ಕೆಲವು ಎರಡು ತಿಂಗಳು ಸುಮ್ನೆ ಕೂರುತ್ತವೆ. ದಿನಾ ಕಿತ್ತು ನೋಡೋ ಚಟ ಬೇಡ. ಪಾರದರ್ಶಕ ಲೋಟ ಅಂದದ್ದೇ ಅದಕ್ಕೆ. ಒಂದು ದಿನ ಕಪ್ಪು ಕಾಳುಗಳ ನಡುವೆ ಬಿಳಿ ದಾರದಂಥದ್ದು ಲೋಟದ ಗೋಡೆಗೆ ಬಂದು ತಾಗಿರುತ್ತದೆ. ಹತ್ತಿರದಿಂದ ನೋಡಿದರೆ ಅದರ ಮೈಮೇಲೆಲ್ಲ ನವಿರು ರೋಮ, ಒಂದೊಂದು ಕಾಳನ್ನೂ ತಬ್ಬಿ ಹಿಡಿದಿರುತ್ತದೆ. ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಬೆಳೆಸಿದಾಗ ಇದೆಲ್ಲ ನನಗೆ ಕಂಡೇ ಇರಲಿಲ್ಲ.

ಇನ್ನೊಂದು ಸಾಧ್ಯತೆ ಇದೆ. ಕೆಲವು ಅಕ್ವಾ ಸಾಯಿಲ್‌ಗಳಲ್ಲಿ ಸಾರಜನಕ ತುಂಬಿಯೇ ಕೊಡುತ್ತಾರೆ. ಅಮೆಜೋನಿಯಾ ಅಂಥದ್ದು. ಹೊಸದರಲ್ಲಿ ಅದು ಅಮೋನಿಯಾ ಬಿಡುತ್ತದೆ, ಅದಕ್ಕೇ ಮೀನು ಸಾಕುವವರು ಕೆಲವು ವಾರ ಕಾದು ಆಮೇಲೆ ಮೀನು ಬಿಡೋದು. ಬೇರೇ ಇಲ್ಲದ ಗೆಡ್ಡೆಗೆ, ಅದೂ ತಳದ ನೀರು ಹರಿದು ಹೋಗದ ಲೋಟದಲ್ಲಿ, ಇದು ಜಾಸ್ತಿಯಾಗಬಹುದು. ನಿಮ್ಮದು ಆ ಥರದ್ದಾದರೆ ಬಕೆಟ್ಟಲ್ಲಿ ನೀರು ಹಾಕಿ ನೆನೆಸಿಡಿ. ಒಂದು ವಾರ, ದಿನಕ್ಕೊಮ್ಮೆ ಆ ನೀರನ್ನು ಅಲ್ಲಾಡಿಸದೆ ಬಸಿದು ಹೊಸ ನೀರು ಹಾಕಿ. ಬಸಿದ ನೀರನ್ನು ಚೆಲ್ಲಬೇಡಿ, ಹೊರಗಿನ ದೊಡ್ಡ ಗಿಡಗಳಿಗೆ ಹಾಕಿ. ಸ್ಟ್ರೇಟಂನಂಥ ಬಡಕಲು ಮಣ್ಣಿಗೆ ಈ ರಗಳೆ ಬೇಡ. ಗೆಡ್ಡೆಗೂ ಗೆಣ್ಣಿನ ತುಂಡಿಗೂ ನಾನು ಬಡಕಲನ್ನೇ ಬಳಸೋದು.

ಪ್ರಶ್ನೆ: ಕಪ್ಪಗಿದ್ದ ಮಣ್ಣು ಬೂದು ಬಣ್ಣಕ್ಕೆ ತಿರುಗಿದೆ. ಹಾಳಾಯ್ತಾ?

ಇಲ್ಲ, ಒಣಗಿದೆ ಅಷ್ಟೆ. ನನಗೆ ಈ ಮಣ್ಣು ಇಷ್ಟ ಆಗೋದೇ ಇದಕ್ಕೆ. ಬೆರಳು ಹಾಕಿ ನೋಡೋ ಕೆಲಸ ಇಲ್ಲ, ದೂರದಿಂದಲೇ ಗೊತ್ತಾಗುತ್ತದೆ. ಮೇಲಿನ ಪದರ ಬೂದು, ಒಳಗೆ ಕಪ್ಪು ಇದ್ದರೆ ಇನ್ನೂ ಸಮಯ ಇದೆ. ಅರ್ಧ ಲೋಟ ಬೂದು ಆದಾಗ ನೀರು ಕೊಡಿ. ತಳದವರೆಗೂ ಒಣಗೋಕೆ ಬಿಡಬೇಡಿ. ಪೂರ್ತಿ ಒಣಗಿದ ಕಾಳಿಗೆ ಒಮ್ಮೆಲೇ ನೀರು ಸುರಿದರೆ ಒಳಗಿನ ಗಾಳಿ ಹೊರಬರೋ ರಭಸಕ್ಕೆ ಕಾಳೇ ಬಿರಿಯುತ್ತದೆ. ಒಣಗಿಯೇ ಹೋಗಿದ್ದರೆ ತಟ್ಟೆಯಲ್ಲಿ ಲೋಟದ ತೂತು ಮುಳುಗುವಷ್ಟು ನೀರಿಟ್ಟು, ಆ ತೂತಿನಿಂದ ನಿಧಾನಕ್ಕೆ ಹೀರಿಕೊಳ್ಳಲು ಬಿಡಿ.

ಪ್ರಶ್ನೆ: ಐದು ತಿಂಗಳಿಂದ ಸಿಂಗೋನಿಯಂ ಬಳ್ಳಿ ಬರೀ ಅಕ್ವಾ ಸಾಯಿಲ್‌ನಲ್ಲಿದೆ. ಮೊದಮೊದಲು ಚೆನ್ನಾಗಿ ಬಂತು. ಈಗ ಹೊಸ ಎಲೆ ಸಣ್ಣ, ಬಿಳಚಿಕೊಂಡಿದೆ. ಮಣ್ಣಿನ ಮೇಲೆ ಬಿಳಿ ಪುಡಿಯಂತೆ ಕೂತಿದೆ. ಬೂಷ್ಟಾ?

ಬಿಳಿಯದನ್ನು ಉಗುರಿನಿಂದ ಕೆರೆದು ನೋಡಿ. ಹತ್ತಿಯ ಹಾಗೆ ಎದ್ದು ಬಂದರೆ ಬೂಷ್ಟು, ಚಮಚದಿಂದ ತೆಗೆದುಬಿಡಿ. ಸುಣ್ಣದ ಹಾಗೆ ಪುಡಿಪುಡಿಯಾದರೆ ಅದು ಗಡಸು ನೀರಿನ ಲವಣ. ನಿಮ್ಮದು ಎರಡನೆಯದೇ ಅನಿಸುತ್ತೆ. ಎಲೆ ಬಿಳಚಿಕೊಂಡಿರೋದಕ್ಕೂ ಅದಕ್ಕೂ ನಂಟಿರಬಹುದು.

ಈ ಮಣ್ಣು ಸ್ವಲ್ಪ ಹುಳಿ ಸ್ವಭಾವದ್ದು. ಸುತ್ತಲಿನ ನೀರಿನ ಪಿ.ಎಚ್. ಅನ್ನು (ಹುಳಿ ಎಷ್ಟು ಅನ್ನೋದರ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ) 6ರ ಆಸುಪಾಸಿಗೆ ಇಳಿಸುತ್ತದೆ, ಗಡಸುತನವನ್ನೂ ಹೀರಿಕೊಳ್ಳುತ್ತದೆ. ಮಾನ್‌ಸ್ಟೆರಾ, ಸಿಂಗೋನಿಯಂ ಜಾತಿಯ ಗಿಡಗಳಿಗೆ ಅದು ಹಿತ. ಆದರೆ ಹೀರಿಕೊಳ್ಳೋದಕ್ಕೂ ಮಿತಿ ಇದೆ. ಗಡಸು ನೀರನ್ನೇ ಹಾಕುತ್ತಾ ಹೋದರೆ ಒಂದು ದಿನ ಆ ಶಕ್ತಿ ಮುಗಿಯುತ್ತದೆ. ಆಮೇಲೆ ಪಿ.ಎಚ್. ಏರಿ, ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕೋದಿಲ್ಲ. ಜೊತೆಗೆ ಸಾರಜನಕವೂ ಇಷ್ಟು ಹೊತ್ತಿಗೆ ಖಾಲಿ. ಹಳೆ ಎಲೆಯೂ ಹಳದಿಯಾದರೆ ಸಾರಜನಕ ಸಾಲದು. ಹೊಸ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಮಾತ್ರ ಬಿಳಚಿದ್ದರೆ ಕಬ್ಬಿಣ ಸಾಲದು.

ತೂತಿರೋ ಕುಂಡಕ್ಕೆ ಹಾಕಿ, ಮಳೆನೀರೋ ಆರ್.ಓ. ನೀರೋ ಸಿಕ್ಕರೆ ಅದನ್ನು ಕುಂಡದ ಎರಡರಷ್ಟು, ನಿಧಾನಕ್ಕೆ ಮೇಲಿಂದ ಹರಿಸಿ. ಮೇಲಿನ ಬಿಳಿ ಪದರ ತೆಗೆದು ಬಿಸಾಡಿ. ಆಮೇಲೆ ದ್ರವ ಗೊಬ್ಬರ, ಬಾಟಲಿಯಲ್ಲಿ ಬರೆದಿರೋದರ ಕಾಲು ಭಾಗ, ಎರಡು ವಾರಕ್ಕೊಮ್ಮೆ. ಮನೆಯಲ್ಲಿ ಸಿಹಿನೀರಿನ ಮೀನಿನ ತೊಟ್ಟಿ ಇದ್ದರೆ ನೀರು ಬದಲಿಸಿದಾಗ ತೆಗೆದ ಹಳೆ ನೀರನ್ನೂ ಹಾಕಬಹುದು. ಅದರಲ್ಲಿ ನೈಟ್ರೇಟ್ ರೂಪದಲ್ಲಿ ಸಾರಜನಕ ಇರುತ್ತದೆ. ಈಗ ಬಿಳಚಿರೋ ಎಲೆ ಪೂರ್ತಿ ಸರಿಹೋಗದೆ ಇರಬಹುದು. ಮುಂದಿನ ಎಲೆ ನೋಡಿ.

ಪ್ರಶ್ನೆ: ಕಳ್ಳಿ, ಸಕ್ಯುಲೆಂಟ್‌ಗಳಿಗೆ?

ಬೇಡ. ಅವಕ್ಕೆ ಇಷ್ಟು ತೇವ ಆಗೋದಿಲ್ಲ. ಕೀಟ ತಿನ್ನೋ ಗಿಡಗಳಿಗೂ ಬೇಡ, ಅವುಗಳ ಬೇರಿಗೆ ಸಾರ ಇರೋ ಮಣ್ಣೇ ಕಂಟಕ.

ಪ್ರಶ್ನೆ: ಉಪ್ಪುನೀರಿನ ತೊಟ್ಟಿಯ ಬಿಳಿ ಮರಳು ಇದೆ. ಅದನ್ನೂ ಹೀಗೇ ಬಳಸಬಹುದಾ?

ಖಂಡಿತ ಬೇಡ. ಅದು ಹವಳದ ಚೂರು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಪಿ.ಎಚ್. ಏರಿಸುತ್ತದೆ, ಜೊತೆಗೆ ಉಪ್ಪು ಬೇರೆ. ತುಂಬ ಜನ ತೊಟ್ಟಿಯ ತಳದಲ್ಲಿ ಇರೋದನ್ನೆಲ್ಲ ‘ಅಕ್ವೇರಿಯಂ ಮಣ್ಣು’ ಅಂತಲೇ ಕರೀತಾರೆ. ಬಣ್ಣದ ಕಲ್ಲು, ಹವಳದ ಮರಳು, ಅಕ್ವಾ ಸಾಯಿಲ್ ಮೂರೂ ಬೇರೆ ಬೇರೆ. ನಾನು ಇಲ್ಲಿ ಹೇಳಿದ್ದೆಲ್ಲ ಮೂರನೆಯದಕ್ಕೆ ಮಾತ್ರ.

ಪ್ರಶ್ನೆ: ನನ್ನ ಮಾನ್‌ಸ್ಟೆರಾ ಈಗ ಮೊಣಕಾಲೆತ್ತರ ಇದೆ. ದೊಡ್ಡ ಕುಂಡ ಪೂರ್ತಿ ಅಕ್ವಾ ಸಾಯಿಲ್ ತುಂಬಿಸಿ ಬದಲಿಸಬೇಕು ಅಂತಿದ್ದೇನೆ. ಸರಿಯಾ?

ಮಾಡಬೇಡಿ. ಸಣ್ಣ ಲೋಟದಲ್ಲಿ ಚೆನ್ನಾಗಿ ನಡೆದದ್ದು ದೊಡ್ಡ ಕುಂಡದಲ್ಲೂ ನಡೆಯುತ್ತೆ ಅನ್ನೋ ಹಾಗಿಲ್ಲ. ಒದ್ದೆಯಾದಾಗ ಭಾರ ಜಾಸ್ತಿ, ಮೇಲಿನ ತೂಕಕ್ಕೆ ತಳದ ಕಾಳು ಬೇಗ ನುಗ್ಗಾಗುತ್ತದೆ. ದಪ್ಪ ಬೇರು ದಬ್ಬಿಕೊಂಡು ಹೋಗುವಾಗಲೂ ಪುಡಿ ಮಾಡುತ್ತದೆ. ಬೋನ್ಸಾಯ್ ಬೆಳೆಸೋರು ‘ಅಕಡಾಮಾ’ ಅಂತ ಜಪಾನಿನ ಇಂಥದ್ದೇ ಕಾಳುಮಣ್ಣು ಬಳಸುತ್ತಾರೆ, ಅವರಿಗೂ ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸೋದು ತಪ್ಪಿದ್ದಲ್ಲ. ಮೊಣಕಾಲೆತ್ತರದ ಮಾನ್‌ಸ್ಟೆರಾವನ್ನು ಪದೇ ಪದೇ ಕಿತ್ತು ನೆಡೋ ಹುಮ್ಮಸ್ಸು ನಿಮಗಿದೆಯಾ?

ತೊಗಟೆ ಚೂರು ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಾಳು) ಒಂದು ಪಾಲು, ಕೋಕೋಪೀಟ್ ಒಂದು ಪಾಲು, ಅಕ್ವಾ ಸಾಯಿಲ್ ಒಂದೇ ಪಾಲು. ನನ್ನದು ಈ ಲೆಕ್ಕದಲ್ಲೇ ಇದೆ. ಗಿಡ ಬದಲಿಸುವಾಗ ಬೇರಿಗೆ ಅಂಟಿಕೊಂಡ ಕಪ್ಪು ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಚೊಕ್ಕ ಮಾಡಲು ಕೂರಬೇಡಿ. ರೋಮಬೇರು ಅದರೊಳಕ್ಕೇ ಹೊಕ್ಕಿರುತ್ತದೆ, ಕಾಳು ಎಳೆದರೆ ಬೇರೂ ಬರುತ್ತದೆ. ಕುಂಡವನ್ನು ಒಮ್ಮೆ ತಟ್ಟಿ, ಉದುರಿದ್ದು ಉದುರಲಿ. ಬಿಡದೆ ಹಿಡಿದುಕೊಂಡಿದ್ದನ್ನು ಹಾಗೇ ಹೊಸ ಕುಂಡಕ್ಕೆ ಇಳಿಸಿ.