ಈಜಿಪ್ಟಿನ ರೈಲು: ನಿಮ್ಮ ಲೇಖನಕ್ಕೆ ನಮ್ಮ ಉತ್ತರ

ಪ್ರಿಯ ಲೇಖಕರೇ,

ಈಜಿಪ್ಟಿನ ರೈಲ್ವೆ ಇತಿಹಾಸದ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಹಳ ಚೆನ್ನಾಗಿದೆ, ಕೈಬಿಡಬೇಡಿ. ಎಲ್ಲಿ ಎಡವಿದ್ದೀರಿ ಎಂದು ನೇರವಾಗಿಯೇ ಹೇಳುತ್ತೇವೆ.

ಮೊದಲ ಪ್ಯಾರಾ ಪೂರ್ತಿ ತೆಗೆಯಿರಿ. ಎಂಜಿನ್ನಿಗೆ ಮಮ್ಮಿಗಳನ್ನು ಸೌದೆಯಂತೆ ಉರಿಸುತ್ತಿದ್ದರು ಎಂದು ಬರೆದಿದ್ದೀರಿ. ಅದು ಮಾರ್ಕ್ ಟ್ವೇನ್ 1869ರ ಪ್ರವಾಸಕಥನದಲ್ಲಿ ತಮಾಷೆಗೆ ಹೇಳಿದ ಮಾತು. ಒಬ್ಬರಿಂದೊಬ್ಬರಿಗೆ ದಾಟಿ ಈಗ ಇತಿಹಾಸವೆಂಬಂತೆ ಓಡಾಡುತ್ತಿದೆ. ನಿಜವಾದ ತೊಂದರೆಯೇ ಬರೆಯಲು ಸಾಕಷ್ಟಿದೆ. ಆ ನಾಡಿನಲ್ಲಿ ಕಾಡೂ ಇಲ್ಲ, ಆಗ ಕಲ್ಲಿದ್ದಲ ಗಣಿಯೂ ಇರಲಿಲ್ಲ. ಉರುವಲು ಬ್ರಿಟನ್ನಿನಿಂದ ಹಡಗಿನಲ್ಲಿ ಬರಬೇಕಿತ್ತು.

‘ಬ್ರಿಟಿಷರು ತಮ್ಮ ವಸಾಹತಿನಲ್ಲಿ ಹಾಕಿದ ರೈಲು’ ಎಂಬ ವಾಕ್ಯ ಇನ್ನೂ ದೊಡ್ಡ ತಪ್ಪು. ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಜೊತೆ ಈಜಿಪ್ಟಿನ ದೊರೆ ಅಬ್ಬಾಸ್ ಪಾಷಾ ಒಪ್ಪಂದ ಮಾಡಿಕೊಂಡದ್ದು 1851ರಲ್ಲಿ. ಆಗ ಈಜಿಪ್ಟ್ ಆಟೊಮನ್ ಸಾಮ್ರಾಜ್ಯದ ಪ್ರಾಂತ. ಬ್ರಿಟಿಷ್ ಸೈನ್ಯ ಬಂದು ಕೂತದ್ದು 1882ರಲ್ಲಿ. ಭಾರತದಲ್ಲಿ ಲಂಡನ್ನಿನ ಕಂಪನಿಗಳು ಶೇ 5ರ ಖಾತರಿ ಬಡ್ಡಿಯ ಮೇಲೆ ಹಳಿ ಹಾಕಿದವು. ಈಜಿಪ್ಟಿನಲ್ಲಿ ರೈಲು ಮೊದಲಿಂದಲೂ ಸರ್ಕಾರದ್ದೇ. ಹಣ ಪಾಷಾನ ಖಜಾನೆಯದ್ದು, ಬೆವರು ಬಿಟ್ಟಿದುಡಿಮೆಗೆ ಹಿಡಿದು ತಂದ ರೈತರದ್ದು. ಬ್ರಿಟನ್ನಿಗೆ ಆಸಕ್ತಿ ಇದ್ದದ್ದು ನಿಜ, ಅದು ಭಾರತದ ಟಪಾಲು ಬೇಗ ದಾಟಲಿ ಎಂದು. ಸೂಯೆಜ್ ಕಾಲುವೆ ಬಯಸಿದ್ದ ಫ್ರೆಂಚರು ಈ ರೈಲನ್ನು ವಿರೋಧಿಸಿದ್ದರು. ಪರದೇಶದವರ ಹಿಡಿತ ಬಂದದ್ದು ಸಾಲದ ದಾರಿಯಲ್ಲಿ: 1876ರಲ್ಲಿ ಖಜಾನೆ ದಿವಾಳಿಯಾದಾಗ ರೈಲ್ವೆಯ ಆದಾಯ ಸಾಲ ಕೊಟ್ಟವರಿಗೆ ಅಡವಾಯಿತು, ಆಡಳಿತ ಇಂಗ್ಲಿಷರೂ ಫ್ರೆಂಚರೂ ಕೂತ ಮಂಡಳಿಗೆ ಹೋಯಿತು. ಇದನ್ನು ನೀವು ಒಂದು ಸಾಲಿನಲ್ಲೂ ಹೇಳಿಲ್ಲ.

ಲೇಖನದಲ್ಲಿ ನಮಗೆ ಕಾಣದೇ ಹೋದದ್ದು ನೀರು. ಇಸವಿಗಳ ಪಟ್ಟಿ ಕೊಟ್ಟಿದ್ದೀರಿ, ಹಳಿ ಅಲ್ಲೇ ಯಾಕೆ ಹೋಯಿತು, ಅಲ್ಲೇ ಯಾಕೆ ನಿಂತಿತು ಎಂದು ಕೇಳಿಕೊಂಡಿಲ್ಲ. 1854ರಲ್ಲಿ ಅಲೆಕ್ಸಾಂಡ್ರಿಯಾದಿಂದ ಹೊರಟ ಹಳಿ ನೈಲ್‌ನ ರೋಸೆಟ್ಟಾ ಕವಲಿನ ದಡದಲ್ಲಿ ನಿಂತಿತು. 1856ರಲ್ಲಿ ರೈಲು ಕೈರೋ ಮುಟ್ಟಿದರೂ ಆ ದಡದ ಊರಾದ ಕಫ್ರ್ ಎಲ್-ಝಯ್ಯಾತ್‌ನಲ್ಲಿ ಸೇತುವೆ ಇರಲಿಲ್ಲ. ಬೋಗಿಗಳನ್ನು ದೋಣಿಗೆ ಏರಿಸಿ ಹೊಳೆ ದಾಟಿಸುತ್ತಿದ್ದರು. ನೆರೆಗಾಲಕ್ಕೂ ಬೇಸಿಗೆಗೂ ನೀರಿನ ಮಟ್ಟ ಹಲವು ಮೀಟರ್ ಏರಿಳಿಯುವ ನದಿಯಲ್ಲಿ ದಡದ ಹಳಿಗೂ ದೋಣಿಯ ಹಳಿಗೂ ಸಮ ಕೂರಿಸುವುದು ಸಣ್ಣ ಕೆಲಸವಲ್ಲ. 1858ರ ಮೇ ತಿಂಗಳಲ್ಲಿ ಇಲ್ಲೇ ಬೋಗಿ ನೀರಿಗೆ ಬಿದ್ದು ಪಟ್ಟದ ಉತ್ತರಾಧಿಕಾರಿ ಅಹ್ಮದ್ ರಿಫಾತ್ ಮುಳುಗಿ ಸತ್ತ. ಅವನ ಜಾಗಕ್ಕೆ ಬಂದ ತಮ್ಮ ಇಸ್ಮಾಯಿಲ್ 1863ರಲ್ಲಿ ಅಧಿಕಾರಕ್ಕೇರಿದ. 1876ರ ದಿವಾಳಿ ಅವನ ಕಾಲದ್ದೇ. ಆ ದುರಂತದ ಮರುವರ್ಷ, 1859ರಲ್ಲಿ, ಮುಗಿದ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಸೇತುವೆಯಲ್ಲಿ ತಿರುಗಿ ತೆರೆದುಕೊಳ್ಳುವ ಭಾಗ ಇಟ್ಟದ್ದು ಎತ್ತರದ ಪಟದ ದೋಣಿಗಳಿಗೆ ದಾರಿ ಬಿಡಲು. ಇಷ್ಟನ್ನೆಲ್ಲ ನೀವು ‘ನಂತರ ಸೇತುವೆ ಕಟ್ಟಲಾಯಿತು’ ಎಂದು ಮುಗಿಸಿದ್ದೀರಿ.

ಸೂಯೆಜ್ ಮಾರ್ಗದ ಕಥೆಯೂ ಹೀಗೆಯೇ. ಕೈರೋದಿಂದ ಮರುಭೂಮಿ ಸೀಳಿಕೊಂಡು 1858ರಲ್ಲಿ ತೆರೆದ ಆ ದಾರಿಯನ್ನು ಕಾಲುವೆ ಕೊಂದಿತು ಎಂದು ಬರೆದಿದ್ದೀರಿ. ಆದರೆ ಆ ಹಳಿಯ ಉದ್ದಕ್ಕೂ ನೀರೇ ಇರಲಿಲ್ಲ, ಏರು ಬೇರೆ. ಉಗಿ ಎಂಜಿನ್ನಿಗೆ ಬೇಕಾದ ನೀರನ್ನೂ ರೈಲಿನಲ್ಲೇ ಹೊರಬೇಕಿತ್ತು. ಸಿಹಿನೀರ ಕಾಲುವೆಯ ಪಕ್ಕದಲ್ಲಿ ಇಸ್ಮಾಯಿಲಿಯಾ ಮೂಲಕ ಹೊಸ ಹಳಿ ಬಂದ ಮೇಲೆ ಹಳೆಯದನ್ನು ಬಿಟ್ಟರು. 1869ರಲ್ಲಿ ಹಡಗಿನ ಕಾಲುವೆ ತೆರೆದ ನಂತರವೂ ಭಾರತದ ಟಪಾಲು ಕೆಲವು ವರ್ಷ ಈಜಿಪ್ಟನ್ನು ರೈಲಿನಲ್ಲೇ ದಾಟುತ್ತಿತ್ತು.

ಹಳಿಯ ಅಗಲವನ್ನು ಒಂದು ಕಡೆ 1435 ಮಿಲಿಮೀಟರ್, ಇನ್ನೊಂದು ಕಡೆ 1067 ಎಂದಿದ್ದೀರಿ. ಎರಡೂ ಸರಿ, ಜಾಗ ಬೇರೆ. ಅಲೆಕ್ಸಾಂಡ್ರಿಯಾ–ಕೈರೋ 1435. ಲಕ್ಸರ್–ಅಸ್ವಾನ್ 1898ರಲ್ಲಿ 1067 ಆಗಿ ಶುರುವಾಗಿ 1926ರಲ್ಲಿ ಅಗಲವಾಯಿತು. ಸುಡಾನಿನಲ್ಲಿ 1897ರಿಂದ ಸೈನ್ಯ ಹಾಕಿದ ಹಳಿ 1067.

ಕೊನೆಯ ಪ್ಯಾರಾದ ಬೆಂಗಳೂರು–ಜೋಲಾರಪೇಟೆ ಹೋಲಿಕೆ ಅಂಟಿಸಿದಂತಿದೆ, ಬಿಡಿ. ಕನ್ನಡನಾಡಿನ ನಂಟು ಬೇಕೆಂದರೆ ಹತ್ತಿ ಇದೆ. 1861–65ರ ಅಮೆರಿಕದ ಅಂತರ್ಯುದ್ಧದಿಂದ ಬೆಲೆ ಏರಿದಾಗ ಧಾರವಾಡದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಈಜಿಪ್ಟಿನ ನೈಲ್ ಡೆಲ್ಟಾದ (ನದೀಮುಖದ ಬಯಲಿನ) ಹತ್ತಿಗೆ ಅಲೆಕ್ಸಾಂಡ್ರಿಯಾವರೆಗೆ ರೈಲಿತ್ತು.

ತಿದ್ದಿ ಕಳಿಸುವಾಗ ನದಿಯ ಕವಲುಗಳು, ಕಾಲುವೆಗಳು, ಹಳಿಗಳು ಮೂರೂ ಒಟ್ಟಿಗಿರುವ ಕೈಬರಹದ ನಕ್ಷೆ ಇರಲಿ. ಲೇಖನ ಕಫ್ರ್ ಎಲ್-ಝಯ್ಯಾತ್‌ನ ದಡದಿಂದಲೇ ಶುರುವಾಗಲಿ.