ಚಕ್ಕುಲಿ ಕಂಬಳಕ್ಕೆ ಬಾರದ ಮಗಳು

ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಬರೆದಿದ್ದಾರೆ: "ಮಗಳು ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. ಈ ಸಲ ಚಕ್ಕುಲಿ ಕಂಬಳಕ್ಕೂ, ಚೌತಿಗೆ ಮುಂಚೆ ಅಕ್ಕಪಕ್ಕದವರೆಲ್ಲ ಕೂತು ಚಕ್ಕುಲಿ ಸುತ್ತುವಾಗಲೂ, ಬರಲಿಲ್ಲ. ಚೌತಿಗೆ ಒಂದೇ ದಿನ ಇದ್ದು ಬಸ್ಸು ಹತ್ತಿದಳು. ಕೇಳಿದರೆ ‘ಇಂಜಿನಿಯರ್ಸ್ ಡೇ ಬಂತು, ಸಂಘಕ್ಕೆ ನಾನೇ ಖಜಾಂಚಿ’ ಅಂತಾಳೆ. ಸದಸ್ಯತ್ವಕ್ಕೆ ದುಡ್ಡು, ಟೀ ಶರ್ಟಿಗೆ ದುಡ್ಡು. ಅದಕ್ಕೆಲ್ಲ ಪಾಯಿಂಟ್ ಸಿಗ್ತದಂತೆ. ಓದು ಬಿಟ್ಟು ಇದೆಲ್ಲ ಬೇಕಾ? ಇಲ್ಲಿ ಅಡಿಕೆಗೆ ಕೊಳೆಮದ್ದು ಹೊಡೆಯುವ ಪಂಪು ಕೆಟ್ಟು ಕೊಟ್ಟಿಗೆ ಮೂಲೆಯಲ್ಲಿ ಕೂತಿದೆ. ಇವಳು ಅಲ್ಲಿ ಬ್ಯಾನರ್ ಕಟ್ಟುತ್ತಿದ್ದಾಳೆ."

ಅಕ್ಕ, ಪಂಪಿನ ಸಾಲು ಓದಿ ನಗು ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಾಯಿಂಟಿನ ವಿಷಯ. ವಿಟಿಯು, ಅಂದರೆ ನಮ್ಮ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ, 2018ರ ಪಠ್ಯಕ್ರಮದಿಂದ ಚಟುವಟಿಕೆಯ ಪಾಯಿಂಟ್‌ಗಳನ್ನು ಕಡ್ಡಾಯ ಮಾಡಿದೆ. ಮೊದಲ ವರ್ಷದಿಂದ ಓದಿದವರಿಗೆ 100 ಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಪರೀಕ್ಷೆಯ ಅಂಕಕ್ಕೆ ಇದು ಕೂಡುವುದಿಲ್ಲ. ಹುಡುಗರು ಊರಿಗೆ ಉಪಯೋಗ ಆಗುವ ಏನಾದರೂ ಮಾಡಲಿ ಅನ್ನೋದು ಉದ್ದೇಶ. ಬರೀ ಸದಸ್ಯತ್ವ, ಟೀ ಶರ್ಟಿನಿಂದ ಅದು ಈಡೇರುವುದಿಲ್ಲ. ಹಾಗಾಗಿ ಪಾಯಿಂಟಿಗೋಸ್ಕರವೇ ಸಂಘ ಅಂತ ಮಗಳು ಹೇಳಿದ್ದರೆ, ಅಮ್ಮನ ಬಾಯಿ ಮುಚ್ಚಿಸಲು ಹೇಳಿರಬೇಕು. ನಾವೂ ಹೇಳಿಲ್ವಾ ಇಂಥವು?

ಸಂಘಗಳಲ್ಲಿ ಎರಡು ಬಗೆ. ಒಂದು, ಆಯಾ ವಿಭಾಗದವರು ತಾವೇ ಮಾಡಿಕೊಂಡದ್ದು. ಇನ್ನೊಂದು, ದೊಡ್ಡ ಸಂಸ್ಥೆಗಳ ವಿದ್ಯಾರ್ಥಿ ಶಾಖೆ. ವಿದ್ಯುತ್, ಎಲೆಕ್ಟ್ರಾನಿಕ್ಸ್‌ನವರ ಐಇಇಇ, ವಾಹನ ಇಂಜಿನಿಯರುಗಳ ಎಸ್‌ಎಇ ಇಂಡಿಯಾ, 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್, ಹೀಗೆ. ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಇವರಿಗೆಲ್ಲ ದೊಡ್ಡ ದಿನ. ಅದು ಎಷ್ಟೋ ವರ್ಷ ಚೌತಿಯ ಹಿಂದೆ ಮುಂದೆಯೇ ಬಂದು ಕೂರುತ್ತದೆ. ಅದಕ್ಕೆ ನಿಮ್ಮ ಮಗಳು ಏನು ಮಾಡಿಯಾಳು.

ಸುಳ್ಳು ಯಾಕೆ ಹೇಳಲಿ, ಕೆಲವು ಸಂಘಗಳ ಇಡೀ ವರ್ಷ ಒಂದು ಬ್ಯಾನರು, ಒಂದು ಶಾಲು, ಒಂದು ಗ್ರೂಪ್ ಫೋಟೋದಲ್ಲಿ ಮುಗಿದುಹೋಗುತ್ತದೆ. ನಾನೂ ಕಾಲೇಜಿನಲ್ಲಿ ಖಜಾಂಚಿ ಆಗಿದ್ದವನೇ. ಅತಿಥಿಗಳ ಕಾರು ಬಾಡಿಗೆ, ಹಾರ, ತಿಂಡಿ ಅಂತ ಕೈ ಬೀಸಿ ಖರ್ಚು ಮಾಡಿದೆವು. ಕೊನೆಗೆ ಮಾದರಿ ಮಾಡುವವರಿಗೆ ತಂತಿ ತರಲು ದುಡ್ಡಿಲ್ಲ, ಲೆಕ್ಕದಲ್ಲಿ 340 ರೂಪಾಯಿ ಕಮ್ಮಿ. ನನ್ನ ಮೆಸ್ಸಿನ ದುಡ್ಡು ಹಾಕಿದೆ. ಆ ತಿಂಗಳು ಕಾಮತರ ಅಂಗಡಿ ಅವಲಕ್ಕಿಯಲ್ಲೇ ಕಳೆಯಿತು. ರಸೀದಿ ಎತ್ತಿಡುವ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ.

ಈಗ ಚಕ್ಕುಲಿಗೆ ಬರೋಣ. ಕೈಚಕ್ಕುಲಿ ಸುತ್ತುವುದನ್ನು ನಿಮ್ಮ ಮನೆಯಲ್ಲಿ ಯಾರಾದರೂ ಪುಸ್ತಕ ನೋಡಿ ಕಲಿತರಾ? ಪಕ್ಕದಲ್ಲಿ ಕೂತವರ ಬೆರಳು ನೋಡಿ ಕಲಿತದ್ದು. ಹೊಸಬರ ಹಿಟ್ಟು ಎರಡನೇ ಸುತ್ತಿಗೇ ತುಂಡಾಗುತ್ತದೆ. ನಾಲ್ಕು ಜನ ತಮಾಷೆ ಮಾಡುತ್ತಾರೆ, ಅಷ್ಟೇ. ತುಂಡಾದದ್ದು ಮತ್ತೆ ಮುದ್ದೆಗೆ ಸೇರುತ್ತದೆ. ಕ್ಲಾಸಿನಲ್ಲಿ ಹಾಗಿಲ್ಲ. ಅಲ್ಲಿ ತುಂಡಾದರೆ ಅಂಕ ಹೋಯಿತು. ಒಳ್ಳೆಯ ಸಂಘ ಅಂದರೆ ಕಂಬಳದ ಹಾಗೆ, ಮುರಿದದ್ದನ್ನು ಮತ್ತೆ ಮುದ್ದೆಗೆ ಹಾಕಲು ಬಿಡುವ ಜಾಗ.

ಎರಡು ವರ್ಷದ ಹಿಂದೆ ಕರಾವಳಿಯ ಒಂದು ಕಾಲೇಜಿನ ಪ್ರದರ್ಶನಕ್ಕೆ ಹೋಗಿದ್ದೆ. ನಾಲ್ಕು ಹುಡುಗರು ಅಡಿಕೆ ಒಣಗಿಸುವ ಪೆಟ್ಟಿಗೆ ಮಾಡಿದ್ದರು. ತಗಡು, ಫ್ಯಾನು, ತೇವ ತೋರಿಸುವ ಮೀಟರು. ಘಟ್ಟದ ಮೇಲಿಂದ ಬಂದ ಒಬ್ಬ ಅಜ್ಜ ಎಲ್ಲವನ್ನೂ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಒಂದು ಅಡಿಕೆ ಎತ್ತಿ, ಜೇಬಿನಿಂದ ಅಡಕತ್ತರಿ ತೆಗೆದು, ಎರಡು ಹೋಳು ಮಾಡಿ ಬೆಳಕಿಗೆ ಹಿಡಿದರು. "ಒಳಗೆ ಹಸಿ ಇದ್ದು, ತಮಾ." ಮೀಟರು ಒಣಗಿದೆ ಅನ್ನುತ್ತಿತ್ತು. ಹುಡುಗ ವಾದ ಮಾಡಲಿಲ್ಲ. ಹೋಳು ಇಸಕೊಂಡು ನೋಡಿದ, ನೋಟ್ ಬುಕ್ ತೆಗೆದು ಬರೆದುಕೊಂಡ. ಚಾಲಿ ಅಡಿಕೆ, ಅಂದರೆ ಹಣ್ಣಾದ ಮೇಲೆ ಒಣಗಿಸುವ ಅಡಿಕೆ, ಬಿಸಿಲಲ್ಲಿ ಸುಮಾರು ನಲವತ್ತು ದಿನ ಯಾಕೆ ಬೇಡುತ್ತದೆ ಅಂತ ಅಜ್ಜ ಅಲ್ಲೇ ಸ್ಟೂಲಿನ ಮೇಲೆ ಕೂತು ವಿವರಿಸಿದರು. ಬಹುಮಾನ ಬೇರೆ ಯಾರಿಗೋ ಬಂತು.

ಮೆಕ್ಯಾನಿಕಲ್ ಅಂದಿರಲ್ಲ, ಅವಳು ಮುಂದೆ ‘ಬಾಹಾ’ ಅಂತ ಹೇಳಬಹುದು. ಎಸ್‌ಎಇ ನಡೆಸುವ ಸ್ಪರ್ಧೆ. ಒಬ್ಬರೇ ಕೂರುವ, ಕಲ್ಲುಮಣ್ಣಿನಲ್ಲಿ ಓಡುವ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟಬೇಕು. ಕೊನೆಗೆ ನಾಲ್ಕು ತಾಸಿನ ಓಟ ಇರುತ್ತದೆ. ಎಷ್ಟು ಖರ್ಚಿನಲ್ಲಿ ಕಟ್ಟಿದರು ಅನ್ನುವುದಕ್ಕೂ ಅಂಕ ಉಂಟು. ಅಂದರೆ ಖಜಾಂಚಿಗೆ ಅಲ್ಲೂ ಕೆಲಸ ಇದೆ.

ಕಾರವಾರದ ಹುಡುಗರು ಪಾಠ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. 2024ರ ಆಗಸ್ಟ್ 7ರಂದು, ನಡುರಾತ್ರಿ ದಾಟಿದ ಮೇಲೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಕಟ್ಟಿ ಸುಮಾರು ನಲವತ್ತು ವರ್ಷ ಆಗಿತ್ತು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿ ಬಂದ. ಪೇಟೆಯಿಂದ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕಾದರೂ ಕಾಳಿ ದಾಟಲೇಬೇಕು. ಆ ಸೇತುವೆಯ ಮೇಲೆ ಓಡಾಡಿದ ಹುಡುಗರೇ ಕೂತು ‘ಉಪ್ಪುಗಾಳಿಗೆ ಕಬ್ಬಿಣ ಎಷ್ಟು ವರ್ಷ ತಡೆಯುತ್ತದೆ’ ಅಂತ ಒಂದು ಸಂಜೆ ಚರ್ಚೆ ಮಾಡಿದರೆ, ಆ ಸಂಘದ ಟೀ ಶರ್ಟಿಗೆ ನಾನೂ ದುಡ್ಡು ಕೊಡುತ್ತೇನೆ.

ಒಂದು ಮಾತ್ರ ವಿಚಾರಿಸಿ. ಹಿಂದಿನ ಸೆಮಿಸ್ಟರಿನ ವಿಷಯ ಏನಾದರೂ ಬಾಕಿ ಇದೆಯಾ? ಇದ್ದರೆ ಖಜಾಂಚಿಗಿರಿ ಇನ್ನೊಬ್ಬರಿಗೆ ವಹಿಸಲಿ. ಇಲ್ಲದಿದ್ದರೆ ಬಿಡಿ, ಮಾಡಲಿ. ಬೈಯುವ ಬದಲು ಲೆಕ್ಕದ ಪುಸ್ತಕ ತೋರಿಸು ಅನ್ನಿ. ಅದರಲ್ಲಿ ಶಾಲು, ಹಾರ ಜಾಸ್ತಿಯೋ, ಬೋಲ್ಟು, ಬೇರಿಂಗು ಜಾಸ್ತಿಯೋ ನೋಡಿ. ಸಂಘ ಎಂಥದ್ದು ಅಂತ ನಿಮಗೇ ತಿಳಿಯುತ್ತದೆ.

ಇನ್ನು ಪಂಪು. ಮೈಲುತುತ್ತ, ಸುಣ್ಣ ಹೋಗುವ ಪಂಪು, ಒಳಗೆ ಗಸಿ ಕಟ್ಟಿ ವಾಲ್ವು ಹಿಡಿದಿರಬೇಕು ಅಂತ ನನ್ನ ಅಂದಾಜು. ಪೇಟೆಗೆ ರಿಪೇರಿಗೆ ಕಳಿಸಬೇಡಿ. ಕೊಳೆಮದ್ದಿಗೆ ಇನ್ನು ಮುಂದಿನ ಮಳೆಗಾಲದವರೆಗೆ ಪುರಸೊತ್ತಿದೆ. ದೀಪಾವಳಿಗೆ ಬರುವಾಗ ಸಂಘದ ಇಬ್ಬರನ್ನು ಕರೆದುಕೊಂಡು ಬಾ, ಸ್ಪ್ಯಾನರ್ ತರಲು ಮರೆಯಬೇಡ ಅಂತ ಇವತ್ತೇ ಫೋನ್ ಮಾಡಿ. ಮೂವರಿಗೂ ಊಟಕ್ಕೆ ಜಾಸ್ತಿ ಅಕ್ಕಿ ಹಾಕಿ. ಹಾಸ್ಟೆಲ್ ಹುಡುಗಿಯರು, ಹಸಿದೇ ಬರುತ್ತಾರೆ.