ನಿಮ್ಮ ಬಿರುಗಾಳಿ ನೆಲ ಬಿಟ್ಟು ಮೇಲೇಳಲಿಲ್ಲ

ನಮಸ್ಕಾರ.

ನ್ಯೂಜೆರ್ಸಿಯಿಂದ ನೀವು ಕಳಿಸಿದ ‘ಅಮೆರಿಕವನ್ನು ನಡುಗಿಸಿದ ಚಂಡಮಾರುತ’ ಲೇಖನವನ್ನು ಎರಡು ಸಲ ಓದಿದೆ. 1993ರ ಮಾರ್ಚ್ 12ರಿಂದ 14ರವರೆಗೆ ಮೆಕ್ಸಿಕೊ ಕೊಲ್ಲಿಯಿಂದ ಕೆನಡಾದವರೆಗೆ ಪೂರ್ವ ಕರಾವಳಿಯನ್ನು ಹಿಂಡಿಹಾಕಿದ ಬಿರುಗಾಳಿಯನ್ನು ಎದುರಿಗಿಟ್ಟುಕೊಂಡು ವಾಯುರಾಶಿ (ಒಂದೇ ಗುಣದ ಗಾಳಿಯ ದೊಡ್ಡ ರಾಶಿ), ಶೀತಮುಖ (ಮುಂದೊತ್ತಿ ಬರುವ ತಣ್ಣನೆಯ ಗಾಳಿಯ ಅಂಚು), ಉಷ್ಣಮುಖ (ಮುಂದೊತ್ತಿ ಬರುವ ಬಿಸಿ ಗಾಳಿಯ ಅಂಚು) ಇವನ್ನು ಕನ್ನಡದಲ್ಲಿ ತಿಳಿಸಲು ಹೊರಟಿದ್ದೀರಿ. ಆರಿಸಿಕೊಂಡ ಉದಾಹರಣೆ ಒಳ್ಳೆಯದು. ಆದರೆ ಲೇಖನವನ್ನು ಈಗಿರುವಂತೆ ಹಾಕಲಾಗದು. ಯಾಕೆಂದು ನೇರವಾಗಿಯೇ ಬರೆಯುತ್ತೇನೆ.

ಶೀರ್ಷಿಕೆಯಿಂದಲೇ ತಕರಾರು. ಚಂಡಮಾರುತ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಬಂಗಾಳ ಕೊಲ್ಲಿ, ವಾಯುಭಾರ ಕುಸಿತ, ಆಂಧ್ರ–ಒಡಿಶಾ ಕರಾವಳಿ. ಅದರ ಜಾತಿಯೇ ಬೇರೆ. ಅದಕ್ಕೆ ಸುಮಾರು 26–27 ಡಿಗ್ರಿಗಿಂತ ಬೆಚ್ಚಗಿನ ಸಮುದ್ರ ಬೇಕು. ಆವಿ ಹನಿಯಾಗುವಾಗ ಬಿಡುವ ಶಾಖವೇ ಅದರ ಆಹಾರ. ಅದರ ನಡು ಬಿಸಿ, ಗಾಳಿ ನೆಲದ ಹತ್ತಿರವೇ ಅತಿ ಜೋರು, ದಡ ಹತ್ತಿದರೆ ಸೊರಗುತ್ತದೆ. ನಿಮ್ಮ ಬಿರುಗಾಳಿ ಸಮಶೀತೋಷ್ಣ ವಲಯದ ಆವರ್ತಮಾರುತ. ಅದು ಬದುಕುವುದು ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ನಡುವಿನ ಅಂತರದ ಮೇಲೆ. ಹಾಗಾಗಿ ಚಳಿಗಾಲದಲ್ಲೇ ಅದರ ಅಬ್ಬರ ಹೆಚ್ಚು, ನೆಲದ ಮೇಲೂ ಬಲಿಯುತ್ತದೆ, ಮೇಲೆ ಹೋದಂತೆ ಗಾಳಿ ಇನ್ನೂ ಬಿರುಸಾಗುತ್ತದೆ. ಈ ಭೇದವನ್ನು ಮೊದಲ ಪುಟದಲ್ಲೇ ಹೇಳದಿದ್ದರೆ ಓದುಗರು ಕೊನೆಯವರೆಗೂ ತಪ್ಪು ಚಿತ್ರ ಹಿಡಿದುಕೊಂಡೇ ಓದುತ್ತಾರೆ.

ಇನ್ನು ‘ವರುಣನ ಆರ್ಭಟ’, ‘ಪ್ರಕೃತಿ ಮಾತೆಯ ಮುನಿಸು’, ‘ದುರಂತಕ್ಕೆ ಪರಿಪೂರ್ಣ ಪಾಕ’ ಇವನ್ನೆಲ್ಲ ತೆಗೆದುಹಾಕಿ. ಮೊದಲ ಎರಡು ಸವೆದ ನಾಣ್ಯಗಳು. ಮೂರನೆಯದು ಇಂಗ್ಲಿಷಿನ ಅಡುಗೆಮನೆಯಿಂದ ಬಂದದ್ದು. ನಮ್ಮಲ್ಲಿ ಪಾಕ ಎಂದರೆ ಬೆಲ್ಲದ್ದು. ‘ಫ್ರಂಟ್’ ಎಂಬುದಕ್ಕೆ ನೀವು ‘ಮುಂಭಾಗ’ ಎಂದಿದ್ದೀರಿ. ಮುಂಭಾಗ ಇರುವುದು ಮನೆಗೆ, ಬಸ್ಸಿಗೆ. ನಾರ್ವೆಯ ಬರ್ಗೆನ್‌ನಲ್ಲಿ ಈ ಪದ ಹುಟ್ಟಿದ್ದು ಮೊದಲ ಮಹಾಯುದ್ಧದ ನೆರಳಿನಲ್ಲಿ, ಎರಡು ಸೇನೆಗಳ ನಡುವಿನ ಗಡಿಸಾಲು ಎಂಬ ಅರ್ಥದಲ್ಲಿ. ಶೀತಮುಖ, ಉಷ್ಣಮುಖ ಎನ್ನಿ, ಇಲ್ಲವೇ ಫ್ರಂಟ್ ಎಂದೇ ಇಟ್ಟುಕೊಳ್ಳಿ. ಮೂರನ್ನೂ ಬೆರೆಸಬೇಡಿ.

ಮುಖ್ಯ ತೊಂದರೆ ಎರಡನೇ ಪುಟದ ಈ ವಾಕ್ಯದಲ್ಲಿದೆ: ‘ತಣ್ಣನೆಯ ಗಾಳಿ ಬಿಸಿ ಗಾಳಿಗೆ ಡಿಕ್ಕಿ ಹೊಡೆದಾಗ ಬಿರುಗಾಳಿ ಹುಟ್ಟುತ್ತದೆ.’ ಇಡೀ ಲೇಖನ ಇದರ ಮೇಲೆ ನಿಂತಿದೆ, ಇದೇ ತಪ್ಪು. ಒಂದು ಗಾಜಿನ ತೊಟ್ಟಿಗೆ ನಡುವೆ ಹಲಗೆ ಇಟ್ಟು ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು ತುಂಬಿ ಹಲಗೆಯನ್ನು ಎತ್ತಿಬಿಟ್ಟರೆ ಏನಾಗುತ್ತದೆ? ಭಾರದ ಉಪ್ಪುನೀರು ತಳದಲ್ಲಿ ಹರಡುತ್ತದೆ, ಹಗುರದ್ದು ಅದರ ಮೇಲೇರುತ್ತದೆ, ತೊಟ್ಟಿ ಪೂರ್ತಿ ಓಲಾಡುತ್ತದೆ. ಯಾರೂ ಯಾರಿಗೂ ಡಿಕ್ಕಿ ಹೊಡೆದಿಲ್ಲ. ಒಟ್ಟು ನೀರಿನ ತೂಕದ ಕೇಂದ್ರ ಕೆಳಗಿಳಿಯಿತು, ಆ ಇಳಿತವೇ ಚಲನೆಯಾಯಿತು. ಬಿರುಗಾಳಿಯ ಶಕ್ತಿ ಇಲ್ಲಿಂದ ಬರಬಹುದೆಂದು ವಿಯೆನ್ನಾದ ಮ್ಯಾಕ್ಸ್ ಮಾರ್ಗುಲೆಸ್ 20ನೇ ಶತಮಾನದ ಮೊದಲ ವರ್ಷಗಳಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ತೊಟ್ಟಿಗೂ ಭೂಮಿಗೂ ಒಂದು ವ್ಯತ್ಯಾಸವಿದೆ: ಭೂಮಿ ತಿರುಗುತ್ತಿದೆ. ಆದ್ದರಿಂದ ತಣ್ಣನೆಯ ಗಾಳಿ ಒಮ್ಮೆಲೇ ಕುಸಿದು ಹರಡುವುದಿಲ್ಲ. ಇಳಿಜಾರಾಗಿ ನಿಂತು, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹದೊಂದಿಗೆ ಸಮತೋಲದಲ್ಲಿರುತ್ತದೆ. ಈ ಸಮತೋಲ ಗಟ್ಟಿಯಲ್ಲ, ಸಾವಿರಾರು ಕಿಲೋಮೀಟರ್ ಉದ್ದದ ಅಲೆಗಳು ಅದರಲ್ಲಿ ತಾವಾಗಿಯೇ ಬೆಳೆಯುತ್ತವೆ ಎಂದು ಗಣಿತದಿಂದ ತೋರಿಸಿದವರು 1947ರಲ್ಲಿ ಜೂಲ್ ಚಾರ್ನಿ, 1949ರಲ್ಲಿ ಎರಿಕ್ ಈಡಿ. ನಿಮ್ಮ ಲೇಖನದಲ್ಲಿ ಇವರ ಹೆಸರು ಬಾರದಿದ್ದರೆ ನಷ್ಟವಿಲ್ಲ. ಜೆಟ್ ಪ್ರವಾಹವೇ ಬಾರದಿರುವುದು ಮಾತ್ರ ನಷ್ಟ. ಹನ್ನೊಂದು ಪುಟಗಳಲ್ಲಿ ನೀವು ಒಮ್ಮೆಯೂ ತಲೆ ಎತ್ತಿ ಒಂಬತ್ತು ಕಿಲೋಮೀಟರ್ ಮೇಲೆ ನೋಡಿಲ್ಲ.

ಅಲ್ಲಿ ನೋಡದೆ ಒತ್ತಡ ಯಾಕೆ ಇಳಿಯುತ್ತದೆಂದು ಹೇಳಲು ಬರುವುದಿಲ್ಲ. ಒತ್ತಡ ಎಂದರೆ ತಲೆಯ ಮೇಲಿರುವ ಗಾಳಿಯ ತೂಕ. ಒಂದು ಮಿಲಿಬಾರ್ ಎಂದರೆ ಚದರ ಮೀಟರಿಗೆ ಸುಮಾರು 10 ಕಿಲೊ. ಈ ಬಿರುಗಾಳಿಯ ನಡುವೆ ಒತ್ತಡ ಸುಮಾರು 960 ಮಿಲಿಬಾರ್‌ಗೆ ಇಳಿದಿತ್ತು. ಸಮುದ್ರಮಟ್ಟದ ಸರಾಸರಿ 1013. ಅಂದರೆ ಪ್ರತಿ ಚದರ ಮೀಟರಿನ ಮೇಲಿಂದ ಅರ್ಧ ಟನ್ನಿಗೂ ಹೆಚ್ಚು ಗಾಳಿ ಕಾಣೆಯಾಗಿದೆ. ಕೆಳಗೆ ಗಾಳಿ ಸುತ್ತಲಿಂದ ಒಳಕ್ಕೆ ನುಗ್ಗುತ್ತಲೇ ಇದೆ, ಆದರೂ ತೂಕ ಇಳಿಯುತ್ತಿದೆ. ಹಾಗಾದರೆ ಮೇಲೆ ಯಾರೋ ಇನ್ನೂ ಬೇಗ ಬರಿದು ಮಾಡುತ್ತಿರಬೇಕು. ಜೆಟ್ ಪ್ರವಾಹ ದಕ್ಷಿಣಕ್ಕೆ ಬಾಗಿದ ತಗ್ಗಿನ ಪೂರ್ವ ಮಗ್ಗುಲಲ್ಲಿ ಗಾಳಿ ಚೆದುರುತ್ತದೆ. ಅದರ ಕೆಳಗೇ ನೆಲದ ಕಡಿಮೆ ಒತ್ತಡ ಬಲಿಯುತ್ತದೆ. ಬೆಳೆಯುವ ಬಿರುಗಾಳಿ ನೆಟ್ಟಗೆ ನಿಂತಿರುವುದಿಲ್ಲ, ಮೇಲೆ ಹೋದಂತೆ ಪಶ್ಚಿಮಕ್ಕೆ ವಾಲಿರುತ್ತದೆ. ಮೇಲಿನ ತಗ್ಗು ಸರಿದು ನೆಲದ ಕೇಂದ್ರದ ನೆತ್ತಿಗೇ ಬಂದ ದಿನ ಬೆಳವಣಿಗೆ ಮುಗಿಯಿತು; ಕೆಳಗಿನ ಒಳಹರಿವು ಗೆದ್ದು ಹಳ್ಳ ತುಂಬತೊಡಗುತ್ತದೆ. 1993ರಲ್ಲಿ ಆದದ್ದೂ ಇದೇ, ದೊಡ್ಡ ಪ್ರಮಾಣದಲ್ಲಿ: ಉತ್ತರದ ಹರಿವಿನ ತಗ್ಗೂ ದಕ್ಷಿಣದ ಹರಿವಿನ ತಗ್ಗೂ ಒಂದಾದವು. ಮೆಕ್ಸಿಕೊ ಕೊಲ್ಲಿಯ ಆವಿ ಮೋಡವಾಗಿ ಬಿಟ್ಟ ಶಾಖ ಅದನ್ನು ಇನ್ನಷ್ಟು ಚುರುಕುಗೊಳಿಸಿತು. ಇಲ್ಲಿ ಆವಿಯ ಪಾತ್ರವೇ ಇಲ್ಲ ಎಂದು ಬರೆಯಲು ಹೋಗಬೇಡಿ. ಮೂಲ ಬಂಡವಾಳ ಅದಲ್ಲ, ಅಷ್ಟೆ.

‘24 ಗಂಟೆಯಲ್ಲಿ 24 ಮಿಲಿಬಾರ್ ಇಳಿದರೆ ಬಾಂಬ್’, ಅಂದರೆ ಸ್ಫೋಟದಂತೆ ಬಲಿಯುವ ಬಿರುಗಾಳಿ, ಎಂದಿದ್ದೀರಿ. 1980ರಲ್ಲಿ ಫ್ರೆಡ್ ಸ್ಯಾಂಡರ್ಸ್ ಮತ್ತು ಜಾನ್ ಗ್ಯಾಕಮ್ ಆ ಅಂಕಿಯನ್ನು ಕೊಟ್ಟದ್ದು 60 ಡಿಗ್ರಿ ಅಕ್ಷಾಂಶಕ್ಕೆ. ದಕ್ಷಿಣಕ್ಕೆ ಬಂದಂತೆ ಅಕ್ಷಾಂಶದ ಸೈನ್‌ಗೆ ತಕ್ಕಂತೆ ಅದು ಕಡಿಮೆಯಾಗುತ್ತದೆ. ನಿಮ್ಮ ನ್ಯೂಜೆರ್ಸಿಯ 40 ಡಿಗ್ರಿಯಲ್ಲಿ ಸುಮಾರು 18 ಸಾಕು, 35 ಡಿಗ್ರಿಯಲ್ಲಿ 16.

ವಾಯುರಾಶಿಗಳ ಪಟ್ಟಿಗೆ ಎರಡೂವರೆ ಪುಟ ಖರ್ಚು ಮಾಡಿದ್ದೀರಿ. ಪರೀಕ್ಷೆಯ ಉತ್ತರದಂತಿದೆ. ಈ ಕಥೆಗೆ ಬೇಕಾದವು ಎರಡೇ: ಕೆನಡಾದ ಹಿಮದ ಬಯಲಿನ ಒಣ ಚಳಿಗಾಳಿ, ಮೆಕ್ಸಿಕೊ ಕೊಲ್ಲಿಯ ತೇವದ ಬಿಸಿಗಾಳಿ. ಅದರ ಬದಲು ವಾಯುರಾಶಿ ಹೇಗೆ ಆಗುತ್ತದೆ ಎಂದು ಬರೆಯಿರಿ. ಒಂದೇ ಬಗೆಯ ವಿಶಾಲ ನೆಲ ಅಥವಾ ನೀರು, ಮಂದ ಗಾಳಿ, ಹಲವು ದಿನಗಳ ಪುರುಸೊತ್ತು — ಈ ಮೂರೂ ಕೂಡಿದಾಗ ಗಾಳಿ ತನ್ನ ಕೆಳಗಿನ ನೆಲದ ಗುಣ ಹೀರಿಕೊಳ್ಳುತ್ತದೆ. ಹೊರಟ ಮೇಲೆ ದಾರಿಯಲ್ಲಿ ಬದಲಾಗುತ್ತದೆ ಎಂಬುದನ್ನೂ ಸೇರಿಸಿ: ಅದೇ ಕೆನಡಾದ ಒಣಗಾಳಿ ಇನ್ನೂ ಹೆಪ್ಪುಗಟ್ಟದ ಮಹಾಸರೋವರಗಳನ್ನು ದಾಟುವಾಗ ಬುಡದಿಂದ ಬಿಸಿಯಾಗಿ, ತೇವ ಹೀರಿ, ಆಚೆ ದಡದಲ್ಲಿ ಹಿಮ ಸುರಿಸುತ್ತದೆ.

ವಾಯುಮುಖವನ್ನು ನೀವು ಗೋಡೆಯಂತೆ ಬಣ್ಣಿಸಿದ್ದೀರಿ. ಅದು ಗೋಡೆಯಲ್ಲ, ಬಹಳ ಸಣ್ಣ ಏರು. ಶೀತಮುಖ 50ರಿಂದ 100 ಕಿ.ಮೀ.ಗೆ ಒಂದು ಕಿ.ಮೀ. ಏರುತ್ತದೆ, ಉಷ್ಣಮುಖ ಇನ್ನೂ ಮಂದ, ಸುಮಾರು 150ರಿಂದ 300ಕ್ಕೆ ಒಂದು. ಈ ಅಂಕಿಗಳಲ್ಲೇ ಮುನ್ಸೂಚನೆಯ ಕೀಲಿ ಇದೆ. 150ಕ್ಕೆ ಒಂದರಂತೆ ಏರಿದರೆ ಆರು ಕಿ.ಮೀ. ಎತ್ತರದ ತೆಳುಮೋಡ ನೆಲದ ಮುಖಕ್ಕಿಂತ 900 ಕಿ.ಮೀ. ಮುಂದಿರುತ್ತದೆ. ಗಂಟೆಗೆ 40 ಕಿ.ಮೀ. ವೇಗವಾದರೆ ಮುಖ ಬರಲು ಇನ್ನೂ 22 ಗಂಟೆ. ಅಷ್ಟು ಮೊದಲೇ ಆಕಾಶ ಸುಳಿವು ಕೊಟ್ಟಿರುತ್ತದೆ.

ಈ ಭಾಗವನ್ನು ಓದುಗನನ್ನು ಒಂದು ಊರಿನಲ್ಲಿ ನಿಲ್ಲಿಸಿ ಬರೆಯಿರಿ. ಮೊದಲು ಹಿಂಜಿದ ಹತ್ತಿಯಂಥ ಸಿರಸ್ ಎಳೆಗಳು. ಆಮೇಲೆ ಹಾಲಿನ ಪೊರೆಯಂತೆ ಸಿರೊಸ್ಟ್ರೇಟಸ್, ಸೂರ್ಯ ಅಥವಾ ಚಂದ್ರನ ಸುತ್ತ 22 ಡಿಗ್ರಿಯ ಉಂಗುರ. ಮೋಡ ದಪ್ಪವಾಗಿ ಸೂರ್ಯ ಉಜ್ಜಿದ ಗಾಜಿನ ಹಿಂದಿನ ದೀಪದಂತೆ ಮಂಕಾಗುತ್ತಾನೆ, ನೆರಳು ಬೀಳುವುದಿಲ್ಲ. ಒತ್ತಡ ಒಂದೇ ಸಮನೆ ಇಳಿಯುತ್ತದೆ. ಗಂಟೆಗಟ್ಟಲೆ ಜಿಟಿಜಿಟಿ ಮಳೆ, ಇಲ್ಲವೇ ಹಿಮ. ಉಷ್ಣಮುಖ ದಾಟಿದ ಮೇಲೆ ಗಾಳಿ ದಕ್ಷಿಣ–ನೈರುತ್ಯದಿಂದ ಬೀಸತೊಡಗಿ ಬೆಚ್ಚಗಾಗುತ್ತದೆ. ಕೊನೆಗೆ ಶೀತಮುಖ: ಕಡಿದಾದ ರಾಶಿಮೋಡಗಳು, ಹೊಡೆತದ ಮಳೆ, ಗಾಳಿ ಥಟ್ಟನೆ ವಾಯವ್ಯದಿಂದ. ‘ಶೀತಮುಖ ಬಂದ ಮೇಲೆ ಒತ್ತಡ ಕುಸಿಯಿತು’ ಎಂದು ಬರೆದಿದ್ದೀರಿ. ತಿರುಗುಮುರುಗಾಗಿದೆ: ಬರುವವರೆಗೆ ಇಳಿಯುತ್ತದೆ, ದಾಟಿದೊಡನೆ ಏರುತ್ತದೆ. ಇನ್ನೊಂದು ಕಿವಿಮಾತು. ಶೀತಮುಖ ದಾಟಿತೇ ಎಂದು ಉಷ್ಣಾಂಶ ಮಾತ್ರ ನೋಡಿ ಹೇಳಬೇಡಿ. ಮುಖ ದಾಟಿಹೋದ ಮೇಲೆ ಬಿಸಿಲು ಬಂದರೆ ನೆಲ ಕಾದು ದಾರಿ ತಪ್ಪಿಸುತ್ತದೆ. ಇಬ್ಬನಿ ಬಿಂದುವನ್ನೂ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಗಾಳಿಯ ದಿಕ್ಕನ್ನೂ ನೋಡಿ.

ಆದರೆ ಎಲ್ಲ ಊರಿಗೂ ಈ ಮೆರವಣಿಗೆ ಇಲ್ಲ. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ‘ಉಷ್ಣಮುಖ ಹಾದುಹೋಗಿ ಹಿಮ ಬಿತ್ತು’ ಎಂಬ ನಿಮ್ಮ ಸಾಲು ಅಸಾಧ್ಯ. ಬಿರುಗಾಳಿಯ ಕೇಂದ್ರ ಫ್ಲಾರಿಡಾದ ಉತ್ತರ ಅಂಚು, ಜಾರ್ಜಿಯಾ ಹಾದು ಈಶಾನ್ಯಕ್ಕೆ ಹೋಯಿತು; ಬರ್ಮಿಂಗ್‌ಹ್ಯಾಮ್ ಆ ದಾರಿಯ ಎಡಗಡೆಗಿತ್ತು. ಎಡಗಡೆಯ ಊರಿಗೆ ಬಿಸಿಗಾಳಿಯ ಸೋಂಕೇ ಇಲ್ಲ. ಗಾಳಿ ಬೀಸಿಬರುವ ದಿಕ್ಕು ಪೂರ್ವ, ಈಶಾನ್ಯ, ಉತ್ತರ, ವಾಯವ್ಯ ಎಂದು ಎಡಕ್ಕೆ ತಿರುಗುತ್ತ ಹೋಗುತ್ತದೆ, ಚಳಿ ಬಿಡುವುದೇ ಇಲ್ಲ. ಅದಕ್ಕೇ ಅಷ್ಟು ದಕ್ಷಿಣದ ಆ ಊರಿನಲ್ಲಿ 33 ಸೆಂ.ಮೀ. ಹಿಮ. ಟೆನೆಸಿಯ ಲೆ ಕಾಂಟ್ ಬೆಟ್ಟದ ಮೇಲೆ 142. ಅದೇ ಹೊತ್ತಿಗೆ ಬಲಗಡೆಯ ಫ್ಲಾರಿಡಾದಲ್ಲಿ ಶೀತಮುಖಕ್ಕೆ ಮುಂಚೆ ಗುಡುಗುಮೋಡಗಳ ಸಾಲು, ಸುಂಟರಗಾಳಿಗಳು, ಕೊಲ್ಲಿಯ ದಡದಲ್ಲಿ ಮೂರು ಮೀಟರಿಗೂ ಮಿಕ್ಕಿ ಉಕ್ಕಿದ ಕಡಲು. ಒಂದೇ ಬಿರುಗಾಳಿಯ ಎಡಬಲ ಇಷ್ಟು ಬೇರೆ ಎಂಬುದೇ ನಿಮ್ಮ ಲೇಖನದ ಜೀವ. ನೀವು ಅದನ್ನು ಅಂಕಿಅಂಶದ ಕೋಷ್ಟಕದೊಳಗೆ ಹೂತುಬಿಟ್ಟಿದ್ದೀರಿ. ಅಂಗುಲ, ಫ್ಯಾರನ್‌ಹೀಟ್‌ಗಳನ್ನು ಸೆಂಟಿಮೀಟರ್, ಸೆಲ್ಸಿಯಸ್‌ಗೆ ತನ್ನಿ.

ಶೀತಮುಖ ಉಷ್ಣಮುಖವನ್ನು ಬೆನ್ನಟ್ಟಿ ಹಿಡಿಯುವ ಹಂತವನ್ನು ‘ಇಲ್ಲಿಗೆ ಬಿರುಗಾಳಿ ಸಾಯುತ್ತದೆ’ ಎಂದು ಮುಗಿಸಿದ್ದೀರಿ. ಅದು ನಾರ್ವೆಯವರು 1922ರಲ್ಲಿ ಕೊಟ್ಟ ಜೀವನಚಕ್ರದ ಚಿತ್ರವನ್ನು ಅತಿಯಾಗಿ ನಂಬಿದ ಫಲ. ಎಷ್ಟೋ ಬಿರುಗಾಳಿಗಳು ಮುಖಗಳು ಕೂಡಿದ ಮೇಲೂ ಹಲವು ಗಂಟೆ ಆಳವಾಗುತ್ತವೆ. ಸುಳಿ ಎರಡು ಮುಖಗಳನ್ನೂ ಸುತ್ತಿಕೊಳ್ಳುತ್ತಿದೆ ಎಂದು ಬರೆದರೆ ನಿಜಕ್ಕೆ ಹತ್ತಿರ. ಸಮುದ್ರದ ಮೇಲಿನ ಹಲವು ಬಿರುಗಾಳಿಗಳಲ್ಲಿ ಶೀತಮುಖ ಉಷ್ಣಮುಖವನ್ನು ಹಿಡಿಯುವುದೇ ಇಲ್ಲ. ಅದರಿಂದ ಕಳಚಿಕೊಂಡು ಇಂಗ್ಲಿಷಿನ ಟಿ ಅಕ್ಷರದಂತೆ ನಿಲ್ಲುತ್ತದೆ, ಉಷ್ಣಮುಖ ಹಿಂದಕ್ಕೆ ಬಾಗಿ ಕೇಂದ್ರವನ್ನು ಸುತ್ತುತ್ತದೆ. 1990ರಲ್ಲಿ ಶಪೀರೊ ಮತ್ತು ಕೀಸರ್ ಕೊಟ್ಟ ಮಾದರಿ ಇದು.

ಚರಿತ್ರೆಯ ಭಾಗದಲ್ಲಿ ‘ನಾರ್ವೆಯ ವಿಜ್ಞಾನಿಯೊಬ್ಬರು 1922ರಲ್ಲಿ ಕಂಡುಹಿಡಿದರು’ ಎಂದು ಕೈತೊಳೆದುಕೊಂಡಿದ್ದೀರಿ. ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಲೀಪ್‌ಜಿಗ್ ಬಿಟ್ಟು ಬರ್ಗೆನ್‌ಗೆ ಬಂದದ್ದು 1917ರಲ್ಲಿ. ಯುದ್ಧದಿಂದಾಗಿ ಹೊರದೇಶಗಳ ಹವಾಮಾನದ ತಂತಿಗಳು ನಿಂತಿದ್ದವು. ಅದಕ್ಕೇ ನಾರ್ವೆಯೊಳಗೆ ವೀಕ್ಷಣಾ ಠಾಣೆಗಳನ್ನು ದಟ್ಟವಾಗಿ ನೆಟ್ಟರು. ಬಿಡಿಬಿಡಿ ಠಾಣೆಗಳ ನಕ್ಷೆಯಲ್ಲಿ ಕಾಣದಿದ್ದ ಚೂಪು ಗೆರೆಗಳು ಅಲ್ಲಿ ಕಂಡವು. 1919ರಲ್ಲಿ ಮಗ ಯಾಕೊಬ್‌ನ ಪ್ರಬಂಧ, ಅದೇ ಹೊತ್ತಿಗೆ ಮುಖಗಳು ಕೂಡುವುದನ್ನು ಗುರುತಿಸಿದ ಟೋರ್ ಬರ್ಯರೋನ್, 1922ರಲ್ಲಿ ಯಾಕೊಬ್ ಮತ್ತು ಹಾಲ್ವರ್ ಸೂಲ್ಬರ್ಗ್ ಸೇರಿ ಬರೆದ ಬಿರುಗಾಳಿಯ ಜೀವನಚಕ್ರ. ಒಂದು ಪ್ಯಾರಾ ಸಾಕು, ಆದರೆ ಈ ಪ್ಯಾರಾ ಬೇಕು.

‘ನಮ್ಮ ಕರ್ನಾಟಕಕ್ಕೂ ಇದೇ ಶೀತಮುಖಗಳು ಮಳೆ ತರುತ್ತವೆ’ ಎಂಬ ಕೊನೆಯ ಪ್ಯಾರಾವನ್ನು ದಯವಿಟ್ಟು ಕಿತ್ತುಹಾಕಿ. ತರುವುದಿಲ್ಲ. ನಮ್ಮಲ್ಲಿ ಅಕ್ಕಪಕ್ಕದ ಗಾಳಿಗಳ ಉಷ್ಣಾಂಶದಲ್ಲಿ ಅಷ್ಟು ಅಂತರವಿಲ್ಲ. 15 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ತಿರುಗುವಿಕೆಯ ಪರಿಣಾಮ 45 ಡಿಗ್ರಿಯಲ್ಲಿರುವುದರ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಮುಂಗಾರು, ಹಿಂಗಾರು, ಕಾಫಿತೋಟದ ಹೂಮಳೆ ಯಾವುದಕ್ಕೂ ಈ ಯಂತ್ರ ಬೇಕಿಲ್ಲ. ಭಾರತದ ನಂಟು ಹೇಳಲೇಬೇಕೆಂದರೆ ಚಳಿಗಾಲದ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳನ್ನು ತನ್ನಿ: ಪಶ್ಚಿಮದ ಜೆಟ್ ಪ್ರವಾಹದಲ್ಲಿ ತೇಲಿಬಂದು ಕಾಶ್ಮೀರ, ಹಿಮಾಚಲಕ್ಕೆ ಹಿಮ, ಪಂಜಾಬ್, ದೆಹಲಿಗೆ ಮಳೆ ಕೊಡುವ ಇವು ಈ ಕುಲದವೇ. ಅಲ್ಲಿಗೆ ಬರುವ ಹೊತ್ತಿಗೆ ನೆಲದ ಮೇಲೆ ಮುಖಗಳು ಮಸುಕಾಗಿರುತ್ತವೆ ಎಂಬ ಮಾತನ್ನೂ ಸೇರಿಸಿ.

ಚಿತ್ರಗಳ ಬಗ್ಗೆ. ವಾಯುಮುಖದ ಅಡ್ಡಸೀಳಿಕೆಯಲ್ಲಿ ನಿಜವಾದ ಪ್ರಮಾಣ ಇಟ್ಟರೆ 10 ಸೆಂ.ಮೀ. ಉದ್ದಕ್ಕೆ ಒಂದೇ ಮಿ.ಮೀ. ಏರು ಬರುತ್ತದೆ, ಏನೂ ಕಾಣದು. ಎತ್ತರವನ್ನು ಹಿಗ್ಗಿಸಿ, ಎಷ್ಟು ಪಟ್ಟು ಎಂದು ಕೆಳಗೆ ಬರೆಯಿರಿ. ಒಂದು ನಕ್ಷೆ ನೆಲದ್ದು, ಅದರ ಪಕ್ಕದಲ್ಲೇ ಅದೇ ಗಂಟೆಯ ಜೆಟ್ ಪ್ರವಾಹದ್ದು ಇರಲಿ. ನೆಲದ ನಕ್ಷೆಯಲ್ಲಿ ನೀಲಿ ತ್ರಿಕೋನಗಳು, ಕೆಂಪು ಅರ್ಧವೃತ್ತಗಳು ಮುಖ ಸಾಗುವ ದಿಕ್ಕಿಗೆ ಚಾಚಿರಬೇಕು. ನೀವು ತ್ರಿಕೋನಗಳನ್ನು ಪಶ್ಚಿಮಕ್ಕೆ ತಿರುಗಿಸಿದ್ದೀರಿ. ಆ ಲೆಕ್ಕದಲ್ಲಿ ನಿಮ್ಮ ಶೀತಮುಖ ಅಟ್ಲಾಂಟಿಕ್‌ನಿಂದ ಹೊರಟು ಟೆಕ್ಸಾಸ್‌ಗೆ ವಾಪಸು ಹೋಗುತ್ತಿದೆ.